ಒಂಬತ್ತೂವರೆ ಬೆರಳು

ಆ ಸಿನಿಮಾದ ಹೆಸರನ್ನು ನಾನು ಹೇಳುವುದಿಲ್ಲ. ಹೇಳಿದರೆ ನೀವು ಹುಡುಕಿಕೊಂಡು ಹೋಗಿ ನೋಡುತ್ತೀರಿ, ನೋಡಿ ಬಂದು ಪಿಯಾನೊ ತುಂಬಾ ಚೆನ್ನಾಗಿದೆ ಎನ್ನುತ್ತೀರಿ. ಆ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ.

ಷಿಕಾಗೋದ ದಕ್ಷಿಣ ಭಾಗದಲ್ಲಿ, ಇಂಡಿಗೋ ಎಂಬ ನಮ್ಮ ಕಪ್ಪು ಜನರ ಬ್ಲೂಸ್ ಹಾಡಿನ ಕ್ಲಬ್ಬಿನಲ್ಲಿ ಹದಿನಾರು ವರ್ಷ ಪಿಯಾನೊ ನುಡಿಸಿದವನು ನಾನು. ಹೆಸರು ಹೊರೇಸ್ ಪಿಕೆಟ್. ಯಾರಾದರೂ ಆ ಹೆಸರಿನಿಂದ ಕರೆದರೆ ನಾನೇ ತಿರುಗಿ ನೋಡುತ್ತಿರಲಿಲ್ಲ. ಹಿಂದೆ ಕಸಾಯಿಖಾನೆಯಲ್ಲಿ ಕೆಲಸಕ್ಕಿದ್ದಾಗ ಎಡಗೈ ಕಿರುಬೆರಳಿನ ಅರ್ಧವನ್ನು ಹಂದಿಗಳ ಜೊತೆಗೇ ಬಿಟ್ಟು ಬಂದಿದ್ದೆ. ಹಾಗಾಗಿ ಎಲ್ಲರ ಬಾಯಲ್ಲೂ ನಾನು ಒಂಬತ್ತೂವರೆ. ಅರ್ಧ ಬೆರಳಿಲ್ಲದವನು ಹೇಗೆ ನುಡಿಸುತ್ತಾನೆ ಎಂದು ನೋಡಲಿಕ್ಕೇ ಕೆಲವರು ಬರುತ್ತಿದ್ದರು. ವರ್ಡೆಲ್ ಹಾಡತೊಡಗಿದ ಮೇಲೆ ನನ್ನ ಕೈಯನ್ನು ಯಾರೂ ನೋಡುತ್ತಿರಲಿಲ್ಲ. ಅದು ನನಗೆ ಒಳಗೊಳಗೇ ಚುಚ್ಚುತ್ತಿತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ.

ವರ್ಡೆಲ್ ಸಗ್ಸ್ ದೇಶದ ದಕ್ಷಿಣದಲ್ಲಿರುವ ಮಿಸಿಸಿಪ್ಪಿಯ ಬೆಲ್‌ಫೋರ್ಡ್ ಎಂಬ ಊರಿನವಳು. ಅಲ್ಲಿ ಒಂದು ಬಿಳಿಯರ ಮನೆಯಲ್ಲಿ ಬಟ್ಟೆ ಇಸ್ತ್ರಿ ಮಾಡುತ್ತಿದ್ದಳು. ಮೂವತ್ತೊಂಬತ್ತನೆಯ ಇಸವಿಯಲ್ಲಿ ಒಂದು ದಿನ ಆ ಮನೆಯ ಯಜಮಾನ ಒಳಗೆ ಬಂದು ಬಾಗಿಲ ಚಿಲಕ ಹಾಕಿಕೊಂಡ. ವರ್ಡೆಲ್ ಕೈಯಲ್ಲಿದ್ದ ಇಸ್ತ್ರಿಪೆಟ್ಟಿಗೆಯಿಂದ ಅವನ ಹಣೆ ಒಡೆದು, ಉಟ್ಟ ಬಟ್ಟೆಯಲ್ಲೇ ರೈಲು ಹತ್ತಿದಳು. ಮೂರು ವರ್ಷದ ಮಗಳು ಅರ್ಲೀನ್ ಅತ್ತೆಯ ಮನೆಯಲ್ಲಿ ಮಲಗಿದ್ದಳು. ಎಬ್ಬಿಸಿಕೊಂಡು ಬರಲು ಹೊತ್ತಿರಲಿಲ್ಲ. ಗಂಡ ಅದಕ್ಕೂ ಮೊದಲೇ ತೀರಿಹೋಗಿದ್ದ. ಹಣೆ ಒಡೆಸಿಕೊಂಡವನು ಬದುಕಿಕೊಂಡ, ಆಮೇಲೆ ಅದೇ ಊರಿನ ಪೊಲೀಸರ ಮುಖ್ಯಸ್ಥ, ಷೆರಿಫ್, ಆದ. ವರ್ಡೆಲ್ ಮತ್ತೆ ಆ ಊರಿಗೆ ಕಾಲಿಡುವ ಹಾಗಿರಲಿಲ್ಲ.

ನಮ್ಮವನೇ ಆದ ಟಾಲಿವರ್ ಎಂಬಾತ ರೈಲಿನ ಮಲಗುವ ಡಬ್ಬಿಯಲ್ಲಿ ಕೆಲಸ ಮಾಡುತ್ತಿದ್ದ. ನಮ್ಮ ಪತ್ರಿಕೆ, ಕಾಗದ, ಹೊಲಿದ ಅಂಗಿ, ಎಲ್ಲವೂ ದಕ್ಷಿಣಕ್ಕೆ ಹೋಗುತ್ತಿದ್ದುದು ಅಂಥವರ ಪೆಟ್ಟಿಗೆಯಲ್ಲಿ. ವರ್ಡೆಲ್ ಕೊಟ್ಟ ಕಾಗದ, ಫೋಟೋಗಳನ್ನು ಅವನು ಮರೆಯದೆ ಮುಟ್ಟಿಸುತ್ತಿದ್ದ. ಅತ್ತೆ ಮಿಸ್ ಹ್ಯಾಟಿ ಮರೆಯದೆ ಸುಡುತ್ತಿದ್ದಳು.

"ಒಲೆಗೇ ಹಾಕಿದ್ಳು ಕಣಮ್ಮ, ನನ್ನೆದುರಿಗೇ," ಎನ್ನುತ್ತಿದ್ದ ಟಾಲಿವರ್. "ಮಗೂಗೆ ನೀನು ಸತ್ತುಹೋಗಿದೀಯ ಅಂತ ಹೇಳಿದಾಳಂತೆ. ದೆವ್ವದ ಹಾಡು ಹಾಡೋಳು ಬದುಕಿದ್ರೂ ಒಂದೇ ಸತ್ರೂ ಒಂದೇ ಅಂತಾಳೆ."

ವರ್ಡೆಲ್‌ಗೆ ಈ ಲೋಕದಲ್ಲಿ ಬೇಕಾಗಿದ್ದುದು ಒಂದೇ. ತಾನು ಬದುಕಿದ್ದೇನೆಂದು ಮಗಳಿಗೆ ಗೊತ್ತಾಗಬೇಕು.

ನಲವತ್ತೇಳರ ಬೇಸಿಗೆಯಲ್ಲಿ ಸಿನಿಮಾದವರು ಬಂದರು. ಕೊಲೆ, ಪತ್ತೇದಾರಿ, ನಡುನಡುವೆ ಹಾಡು, ಹೀಗೊಂದು ಸಿನಿಮಾ. ಸ್ಟುಡಿಯೋದಲ್ಲಿ ಕ್ಲಬ್ ಕಟ್ಟಿದರೆ ಸುಳ್ಳುಸುಳ್ಳಾಗಿ ಕಾಣುತ್ತದೆಂದು ನಿಜವಾದ ಕ್ಲಬ್ಬನ್ನೇ ಹುಡುಕಿಕೊಂಡು ಬಂದಿದ್ದರಂತೆ. ಬಂದವರು ಮಾಡಿದ ಮೊದಲ ಕೆಲಸ, ಕಿಟಕಿಗಳಿಗೆಲ್ಲ ಡಾಂಬರು ಕಾಗದ ಹೊಡೆದು ಹಾಡುಹಗಲಲ್ಲಿ ಕತ್ತಲೆ ಮಾಡಿದ್ದು. ಎರಡನೆಯ ಕೆಲಸ, ದಿನಾ ಬರುವ ನಮ್ಮ ಗಿರಾಕಿಗಳನ್ನು ಹೊರಗೆ ಕಳಿಸಿ ಆ ಕುರ್ಚಿಗಳಲ್ಲಿ ಬಿಳಿಯರನ್ನು ಕೂರಿಸಿದ್ದು.

"ನಿಜವಾದ ಕ್ಲಬ್ಬು ಬೇಕಿತ್ತಂತೆ," ಎಂದ ನಮ್ಮ ಬಾರಿನ ಕ್ಲೀಟಸ್, ಲೋಟ ಒರೆಸುತ್ತ. "ಅದರಲ್ಲಿರೋ ಜನ ಬೇಡವಂತೆ. ಕೋಳಿ ತಿಂತೀನಿ, ಕೋಳಿಗೂಡಿನ ವಾಸನೆ ಬರಬಾರದು ಅಂದ ಹಾಗೆ."

ನಾವು ಮೂವರು ಮಾತ್ರ ಉಳಿದೆವು. ಲೋಟ ಹಿಡಿದ ಕ್ಲೀಟಸ್, ಹಾಡುವ ವರ್ಡೆಲ್, ನುಡಿಸುವ ನಾನು.

ವರ್ಡೆಲ್ ಕುಣಿದಾಡುತ್ತಾಳೆಂದು ನಾನು ಅಂದುಕೊಂಡಿದ್ದೆ. ಅವಳು ಕುಣಿಯಲಿಲ್ಲ. ಮಾರನೆಯ ದಿನ ಪಿಯಾನೊ ಪಕ್ಕ ಬಂದು ನಿಂತಳು.

"ನಮ್ಮ ಹಾಡನ್ನ ಇವರು ಹೇಗೆ ತೆಗೀತಾರೆ ಅಂತ ಗೊತ್ತಾ ನಿಂಗೆ?"

"ಕ್ಯಾಮೆರಾ ಇಟ್ಟು ತೆಗೀತಾರೆ."

"ದಡ್ಡ. ಹಾಡು ಒಂದು ಕಡೆ, ಕತೆ ಒಂದು ಕಡೆ ಇಡ್ತಾರೆ. ಬೀರುವಿನ ಡ್ರಾಯರ್ ಇದ್ದ ಹಾಗೆ, ಎಳೆದು ಹೊರಗೆ ಇಟ್ರೂ ಬೀರು ನಿಂತಿರುತ್ತೆ. ದಕ್ಷಿಣಕ್ಕೆ ಹೋಗೋ ಸಿನಿಮಾ ಪ್ರತೀಲಿ ನಮ್ಮನ್ನ ಎಳೆದು ಬಿಸಾಕ್ತಾರೆ. ಅಲ್ಲಿನ ಬಿಳಿಯರು ನಾವು ಒಳ್ಳೇ ಬಟ್ಟೆ ಹಾಕ್ಕೊಂಡು ನಿಂತಿರೋದನ್ನ ನೋಡಲಾರರಂತೆ."

"ಹಾಗಾದ್ರೆ ನಿನ್ನ ಮಗಳು ನೋಡೋದು ಎಲ್ಲಿ ಬಂತು?"

"ಅದಕ್ಕೇ ಹೇಳ್ತಿರೋದು. ಬೀರುವಿಗೇ ಮೊಳೆ ಹೊಡ್ಕೋಬೇಕು ನಾನು."

ಅವಳು ಮೊಳೆ ಹೊಡೆದ ರೀತಿ ಇದು. ನಿರ್ದೇಶಕ ಕೆಸ್ಲಿಂಗ್ ಎಂಬವನು ದಿನವೂ ಮಧ್ಯಾಹ್ನ ಕ್ಲೀಟಸ್ ಮಾಡುವ ಹುರಿದ ಮೀನು ತಿನ್ನುತ್ತ ನಮ್ಮ ಜೊತೆ ಕೂರುತ್ತಿದ್ದ. ಕತೆಯಲ್ಲಿ ಕೊಲೆ ನಡೆಯುವುದು ಕ್ಲಬ್ಬಿನ ಹಿಂದಿನ ಓಣಿಯಲ್ಲಿ. ವರ್ಡೆಲ್ ಅವನಿಗೆ ಇನ್ನೊಂದು ಮೀನು ಬಡಿಸಿ, ಏನೂ ಅರಿಯದವಳ ಹಾಗೆ ಹೇಳಿದಳು:

"ಓಣೀಲಿ ಯಾರು ಬೇಕಾದ್ರೂ ಸಾಯ್ತಾರೆ ಸರ್. ನಾನು ಹಾಡ್ತಾ ಇರ್ತೀನಿ, ಸಾಯೋನು ನನ್ನನ್ನೇ ನೋಡ್ತಾ ಕೂತಿರ್ತಾನೆ, ಗುನುಗೋ ಜಾಗಕ್ಕೆ ಬಂದಾಗ ಗುಂಡು ಬೀಳುತ್ತೆ. ನನ್ನ ಗುನುಗು ಅರ್ಧಕ್ಕೇ ನಿಲ್ಲುತ್ತೆ. ಅವನು ಸತ್ತದ್ದು ಜನಕ್ಕೆ ಗೊತ್ತಾಗೋದು ನನ್ನ ಮುಖದಲ್ಲಿ."

ಕೆಸ್ಲಿಂಗ್ ಮೀನು ಬಿಟ್ಟು ಎದ್ದು ಓಡಾಡತೊಡಗಿದ. ಸಂಜೆಯ ಹೊತ್ತಿಗೆ ಅದು ಅವನದೇ ಯೋಚನೆಯಾಗಿತ್ತು.

"ಇನ್ನು ನನ್ನನ್ನ ಕತ್ತರಿಸಬೇಕಾದ್ರೆ ಕೊಲೇನೂ ಕತ್ತರಿಸಬೇಕು," ಎಂದಳು ವರ್ಡೆಲ್ ನನಗೆ ಮಾತ್ರ ಕೇಳುವಂತೆ. "ಕೊಲೆ ಇಲ್ದೆ ಅವರ ಸಿನಿಮಾ ಎಲ್ಲಿಂದ ಬರುತ್ತೆ?"

ಹಾಡು ಅವಳದೇ.

ದಕ್ಷಿಣಕ್ಕೆ ಹೋಗೋ ರೈಲೇ, ನನ್ನ ಹೆಸರ ಹೇಳಬೇಡ,
ದಕ್ಷಿಣಕ್ಕೆ ಹೋಗೋ ರೈಲೇ, ನನ್ನ ಹೆಸರ ಹೇಳಬೇಡ,
ನಾ ಗುನುಗಿದ್ದನ್ನ ಗುನುಗು, ಸಾಕು, ಮಗಳು ಗುರುತು ಹಿಡೀತಾಳೆ.

ಇದಾದ ಮೇಲೆ ಮಾತಿಲ್ಲದ ಗುನುಗು. ಅರ್ಲೀನ್‌ಳನ್ನು ಮಲಗಿಸಲು ಅವಳು ಗುನುಗುತ್ತಿದ್ದ ರಾಗದ ಎಳೆ ಅದು. ಅವಳ ಅಮ್ಮನಿಂದ ಬಂದದ್ದಲ್ಲ, ಚರ್ಚಿನಿಂದ ಬಂದದ್ದೂ ಅಲ್ಲ, ಬಟ್ಟೆ ಇಸ್ತ್ರಿ ಮಾಡುತ್ತ ಅವಳೇ ಕಟ್ಟಿಕೊಂಡದ್ದು. ಇಂಡಿಗೋದ ಗಿರಾಕಿಗಳ ಮುಂದೆ ಒಮ್ಮೆಯೂ ಅದನ್ನು ಹಾಡಿರಲಿಲ್ಲ, ನನಗೊಬ್ಬನಿಗೆ ಮಾತ್ರ ಕೊನೆಯವರೆಗೆ ಗುನುಗಿ ಕೇಳಿಸಿದ್ದಳು. ಕ್ಯಾಮೆರಾದ ಮುಂದೆ ಅವಳು ಗುನುಗಿದಾಗ ದೀಪ ಹಿಡಿದಿದ್ದ ಬಿಳಿಯರೂ ಕೆಮ್ಮಲಿಲ್ಲ. ಗುಂಡು ಹಾರಿತು, ಗುನುಗು ನಿಂತಿತು, ಅವಳ ಮುಖದ ಮೇಲೆ ಕ್ಯಾಮೆರಾ ಎಷ್ಟೋ ಹೊತ್ತು ನಿಂತಿತ್ತು. ನಾನು ಇಡೀ ದೃಶ್ಯದಲ್ಲಿ ಅವಳ ಹಿಂದೆ ಒಂದು ಬೆನ್ನು.

ಮರುದಿನ ವರ್ಡೆಲ್‌ಗೆ ಬರುವುದು ಬೇಡ ಎಂದಿದ್ದರು. ನನ್ನನ್ನು ಮಾತ್ರ ಕರೆಸಿದರು. ಕೆಸ್ಲಿಂಗನ ಸಹಾಯಕ, ಇಪ್ಪತ್ತೈದು ತುಂಬದ ಪೋರ, ಹೇಳಿದ:

"ಲೋ ಹುಡುಗ, ಅದೇ ರಾಗ ಇನ್ನೊಂದ್ಸಲ ನುಡಿಸು. ಹಾಡು ಬೇಡ, ಬರೀ ಪಿಯಾನೊ. ಗುನುಗೋದನ್ನೂ ಪಿಯಾನೊದಲ್ಲೇ ತೆಗಿ."

ನನಗೆ ಆಗ ನಲವತ್ತೆರಡು ವರ್ಷ. ಬಿಳಿಯರಿಂದ ಹುಡುಗ ಎನ್ನಿಸಿಕೊಂಡು ಅಭ್ಯಾಸವಾಗಿತ್ತು.

"ಯಾಕೆ ಸರ್?" ಎಂದೆ.

"ಮಾಮೂಲಿ. ಒಂದು ಇರ್ಲಿ ಅಂತ."

ಯಾಕೆಂದು ಕೇಳುವ ಅಗತ್ಯ ನನಗಿರಲಿಲ್ಲ. ಕೇಳಿದ ಕ್ಷಣವೇ ಗೊತ್ತಾಗಿತ್ತು. ಮೊಳೆ ಹೊಡೆದ ಬೀರುವಿಗೆ ಇವರು, ದಕ್ಷಿಣಕ್ಕೆ ಕಳಿಸಲೆಂದು, ಅವಳಿಲ್ಲದ ಇನ್ನೊಂದು ಡ್ರಾಯರ್ ಮಾಡುತ್ತಿದ್ದರು. ಆಗುವುದಿಲ್ಲ ಎನ್ನಬಹುದಿತ್ತು. ತಪ್ಪು ಸ್ವರ ಹಾಕಿ ಕೆಡಿಸಬಹುದಿತ್ತು. ಎರಡು ಬೀದಿ ಆಚೆ ಇದ್ದ ಅವಳ ಕೋಣೆಗೆ ಓಡಿಹೋಗಿ ಹೇಳಬಹುದಿತ್ತು. ಅಷ್ಟರಲ್ಲಿ ಕೆಸ್ಲಿಂಗ್ ಬಂದು ನನ್ನ ಎಡಗೈ ಎತ್ತಿ ಬೆಳಕಿಗೆ ಹಿಡಿದ.

"ಈ ಕೈ ನೋಡ್ರೋ," ಎಂದ ತನ್ನವರಿಗೆ. "ಇದನ್ನ ಯಾರೂ ಯಾಕೆ ಹೇಳ್ಲಿಲ್ಲ ನಂಗೆ? ಹತ್ತಿರದಿಂದ ತೆಗೀರಿ. ಪರದೆ ತುಂಬ ಈ ಕೈಯೇ ಇರ್ಬೇಕು."

ನಾನು ನುಡಿಸಿದೆ. ನನ್ನ ಜೀವಮಾನದಲ್ಲೇ ಅಷ್ಟು ಚೆನ್ನಾಗಿ ನುಡಿಸಿರಲಿಲ್ಲ. ಅವಳ ಗುನುಗಿನ ಒಂದೊಂದು ಬಳುಕೂ ನನಗೆ ಗೊತ್ತಿದ್ದ ಹಾಗೆ ಬೇರೆ ಯಾರಿಗೂ ಗೊತ್ತಿರಲಿಲ್ಲ. ಸಂಜೆ ಅವಳು ಸಿಕ್ಕಿ, ಇವತ್ತೇನು ಮಾಡಿದೆ ಎಂದು ಕೇಳಿದಳು. ಪಿಯಾನೊ ಶ್ರುತಿ ಮಾಡಿಸಿದರು ಎಂದೆ.

ಮುಂದಿನ ವರ್ಷ ಷಿಕಾಗೋದಲ್ಲಿ ಸಿನಿಮಾ ಬಂತು. ಇಂಡಿಗೋದವರೆಲ್ಲ ಚರ್ಚಿಗೆ ಹೋಗುವ ಬಟ್ಟೆ ತೊಟ್ಟು ಹೋದೆವು. ವರ್ಡೆಲ್ ಇದ್ದಳು, ಇಡೀ ಹಾಡಿತ್ತು, ಅವಳ ಮುಖ ಒಂದು ಮನೆಯಷ್ಟು ದೊಡ್ಡದಾಗಿತ್ತು. ಕ್ಲೀಟಸ್ ಎದ್ದು ನಿಂತು, "ಅವಳು ನನ್ನ ಹತ್ರ ಮೀನು ತಿಂದಿದಾಳೆ ಕಣ್ರಪ್ಪ," ಎಂದು ಕೂಗಿ ಎಲ್ಲರನ್ನೂ ನಗಿಸಿದ. ನನ್ನ ಕೈ ಎಲ್ಲೂ ಇರಲಿಲ್ಲ. ನನಗೆ ಸಮಾಧಾನವಾಯಿತು. ಸಮಾಧಾನದ ಅಡಿಯಲ್ಲಿ ಸಿಟ್ಟೂ ಇತ್ತು.

ತಿಂಗಳ ಮೇಲೆ ಟಾಲಿವರ್ ಸುದ್ದಿ ತಂದ. ಬೆಲ್‌ಫೋರ್ಡ್‌ನ ಟಾಕೀಸಿಗೆ ಆ ಸಿನಿಮಾ ಬರುತ್ತಿದೆ. ಅವನ ತಂಗಿ ರೂಬಿ ಅದೇ ಊರಲ್ಲಿದ್ದಾಳೆ, ಶನಿವಾರ ಮಧ್ಯಾಹ್ನದ ಆಟಕ್ಕೆ ಹೇಗಾದರೂ ಮಾಡಿ ಅರ್ಲೀನ್‌ಳನ್ನು ಕರೆತರುತ್ತಾಳೆ.

"ನೀನು ಹೋಗು," ಎಂದಳು ವರ್ಡೆಲ್ ನನಗೆ. "ನೀನು ಅರ್ಕಾನ್ಸಾದವನು, ಅಲ್ಲಿ ನಿನ್ನನ್ನ ಯಾರೂ ಅರಿಯರು. ಅವಳ ಪಕ್ಕ ಕೂತ್ಕೋ. ಮೊದಲೇ ಏನೂ ಹೇಳ್ಬೇಡ, ಹೇಳಿದ್ರೆ ನಂಬಲ್ಲ. ನನ್ನ ಮುಖ ಬರ್ಲಿ, ಗುನುಗು ಶುರುವಾಗ್ಲಿ, ಆಮೇಲೆ ಕಿವೀಲಿ ಹೇಳು, ನಿಮ್ಮಮ್ಮ ಅಂತ. ಹ್ಯಾಟಿ ಕಾಗದ ಸುಡಬಹುದು, ಟಾಕೀಸು ಸುಡೋಕಾಗಲ್ಲ."

"ಟಾಲಿವರೇ ಹೋಗ್ಲಿ," ಎಂದೆ.

"ಅವನು, 'ಬಿಳಿಯರ ಮುಖ ಕೆಲಸದಲ್ಲೇ ಸಾಕಷ್ಟು ನೋಡ್ತೀನಿ, ದುಡ್ಡು ಕೊಟ್ಟು ಬೇರೆ ನೋಡ್ಲಾ?' ಅಂತಾನೆ. ನೀನು ಹೋಗು ಒಂಬತ್ತೂವರೆ. ನನ್ನ ಹಾಡು ಗೊತ್ತಿರೋನು ನೀನೊಬ್ಬನೇ."

ಆಗಲಾದರೂ ಹೇಳಬಹುದಿತ್ತು. ನಾನು ರೈಲು ಹತ್ತಿದೆ. ಕತ್ತರಿ ಹಿಡಿದವರಿಗೂ ಒಮ್ಮೊಮ್ಮೆ ತೂಕಡಿಕೆ ಬರುತ್ತದೆ, ಬೆಲ್‌ಫೋರ್ಡ್‌ನಂಥ ಕೊಂಪೆಗೆ ಕೈತಪ್ಪಿ ಪೂರಾ ಪ್ರತಿಯೇ ಬಂದಿರಬಹುದು ಎಂದು ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡೆ.

ರೂಬಿ ಹುಡುಗಿಯನ್ನು ಟಾಕೀಸಿನ ಹೊರಮೆಟ್ಟಿಲ ಹತ್ತಿರ ಬಿಟ್ಟಳು. "ನಂಗೆ ಒಗೆಯೋ ಬಟ್ಟೆ ಬಿದ್ದಿದೆ. ಆಟ ಬಿಟ್ಟ ಮೇಲೆ ಬರ್ತೀನಿ," ಎಂದು ಹೊರಟುಹೋದಳು. ಅರ್ಲೀನ್‌ಗೆ ಹನ್ನೆರಡು ವರ್ಷ. ವರ್ಡೆಲ್‌ಳ ಹಣೆ, ವರ್ಡೆಲ್‌ಳ ಮೊಂಡು ಗಲ್ಲ. ಕಪ್ಪು ಜನರಿಗೆಂದೇ ಬಿಟ್ಟಿದ್ದ ಮೇಲಿನ ಬಾಲ್ಕನಿಯಲ್ಲಿ ನಮ್ಮವರ ನಡುವೆ ಕುಳಿತು ಕಂಬಿಗೆ ಗಲ್ಲ ಊರಿ ನೋಡತೊಡಗಿದಳು.

ಕೊಲೆಯಾಗಬೇಕಾದವನು ಇಂಡಿಗೋದ ಬಾಗಿಲು ತಳ್ಳಿಕೊಂಡು ಒಳಗೆ ಬಂದ. ಕುಳಿತ. ಸಿಗರೇಟು ಹಚ್ಚಿದ. ಕಣ್ಣೆತ್ತಿ ವೇದಿಕೆಯ ಕಡೆ ನೋಡಿದ. ಈಗ ವರ್ಡೆಲ್ ಬರಬೇಕು.

ಬಂದದ್ದು ನನ್ನ ಕೈ. ಪರದೆಯ ಈ ತುದಿಯಿಂದ ಆ ತುದಿಗೆ ನನ್ನ ಎಡಗೈ, ಅರ್ಧ ಕಿರುಬೆರಳು, ಕರಿಬಿಳಿ ಮನೆಗಳ ಮೇಲೆ ಓಡಾಡುತ್ತಿತ್ತು. ಮತ್ತೆ ಅವನ ಮುಖ. ಯಾರನ್ನೋ ಕಣ್ಣು ಕೀಳದೆ ನೋಡುತ್ತಿದ್ದಾನೆ, ನೋಡಿಸಿಕೊಂಡವಳು ಇಲ್ಲ. ಮತ್ತೆ ನನ್ನ ಕೈ, ಪಿಯಾನೊದಲ್ಲಿ ಅವಳ ಗುನುಗು. ಗುಂಡು. ಅವನು ಮೇಜಿನ ಮೇಲೆ ಬಿದ್ದ, ಕತೆ ಮುಂದಕ್ಕೆ ಹೋಯಿತು. ಕೆಳಗೆ ಕುಳಿತ ಬಿಳಿಯರು ಪಾಪ್‌ಕಾರ್ನ್ ತಿನ್ನುವುದನ್ನು ನಿಲ್ಲಿಸಲಿಲ್ಲ. ಮೇಲಿದ್ದ ನಮ್ಮವರೂ ಏನೂ ಕೇಳಲಿಲ್ಲ. ಇಂಥ ಕಡೆ ಏನೋ ಬಿಟ್ಟುಹೋಗಿದೆ ಎಂದು ಅವರಿಗೆ ರೂಢಿಯಿಂದಲೇ ಗೊತ್ತು.

ಕೇಳಿದವಳು ಅರ್ಲೀನ್ ಒಬ್ಬಳೇ.

"ಅವನು ಯಾರನ್ನ ನೋಡ್ತಿದ್ದ?"

ಅವಳು ಕಂಬಿಯ ಮೇಲಿದ್ದ ನನ್ನ ಎಡಗೈ ನೋಡಿದಳು, ಪರದೆ ನೋಡಿದಳು, ಮತ್ತೆ ಕೈ ನೋಡಿದಳು.

"ಅದು ನಿಮ್ಮ ಕೈ."

"ಹೂಂ."

"ಆ ರಾಗ ನಂಗೊತ್ತು," ಎಂದು, ಗುಂಡು ಹಾರಿದಲ್ಲಿ ನಿಂತುಹೋಗಿದ್ದ ಗುನುಗನ್ನು ಅಲ್ಲಿಂದಲೇ ಎತ್ತಿಕೊಂಡು ಕೊನೆಯವರೆಗೆ ಗುನುಗಿದಳು. ಆ ಉಳಿದ ಭಾಗ ಸಿನಿಮಾದ ಯಾವ ಪ್ರತಿಯಲ್ಲೂ ಇಲ್ಲ. "ಇದನ್ನ ಗುನುಗಿ ಯಾರೋ ನನ್ನ ಮಲಗಿಸ್ತಿದ್ರು. ಅಜ್ಜಿ ಅಲ್ಲ. ಅಜ್ಜಿಗೆ ಚರ್ಚಿನ ಹಾಡು ಬಿಟ್ಟು ಬೇರೆ ಆಗಲ್ಲ. ನನ್ನನ್ನ ಯಾರೂ ನಂಬಲ್ಲ ಇದನ್ನ ಹೇಳಿದ್ರೆ." ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. "ನೀವಾ?"

ಅಲ್ಲ, ನಿಮ್ಮಮ್ಮ ಎನ್ನಬೇಕಿತ್ತು. ಎಂದರೆ, ಅಮ್ಮ ಬದುಕಿದ್ದಾಳಾ, ಎಲ್ಲಿದ್ದಾಳೆ, ಪರದೆಯ ಮೇಲೆ ಯಾಕಿಲ್ಲ ಎಂದು ಕೇಳುತ್ತಾಳೆ. ಯಾಕಿಲ್ಲ ಎನ್ನುವುದಕ್ಕೆ ಉತ್ತರ ಕಂಬಿಯ ಮೇಲೆ ಕುಳಿತಿತ್ತು. ಇಷ್ಟೇ ಆಗಿದ್ದರೆ ಹೇಡಿತನ ಎಂದು ಸುಮ್ಮನಾಗಬಹುದಿತ್ತು. ಆದರೆ ಆ ಮಗು ನನ್ನನ್ನು ನೋಡಿದ ಹಾಗೆ ಅದುವರೆಗೆ ಯಾರೂ ನೋಡಿರಲಿಲ್ಲ, ಅದು ನನಗೆ ಹಿತವಾಗಿತ್ತು. ಆ ಹಿತಕ್ಕೆ ಇವತ್ತಿಗೂ ನನ್ನ ಮುಖಕ್ಕೆ ನಾನೇ ಉಗಿದುಕೊಳ್ಳುತ್ತೇನೆ.

"ಹೂಂ," ಎಂದೆ.

ಅವಳು ಇನ್ನೇನೂ ಕೇಳಲಿಲ್ಲ. ಆಟ ಮುಗಿಯುವವರೆಗೆ ನನ್ನ ತೋಳಿಗೆ ಒರಗಿ ಕುಳಿತಿದ್ದಳು. ಇಳಿಯುವಾಗ ನಾನೇ ಹೇಳಿದೆ, "ಅಜ್ಜಿಗೆ ಹೇಳ್ಬೇಡ, ರೂಬಿಗೂ ಹೇಳ್ಬೇಡ." ಆಯ್ತು ಎಂದಳು. ಎಲ್ಲಿರ್ತೀರಿ ಎಂದು ಕೇಳಿದ್ದಕ್ಕೆ ಇಂಡಿಗೋ ಎಂದು ಬಾಯಿಗೆ ಬಂದುಬಿಟ್ಟಿತು.

ಷಿಕಾಗೋದಲ್ಲಿ ವರ್ಡೆಲ್ ಮಧ್ಯಾಹ್ನದಿಂದ ವೇದಿಕೆಯ ಮೆಟ್ಟಿಲ ಮೇಲೆ ಕಾಯುತ್ತ ಕುಳಿತಿದ್ದಳು.

"ನೋಡಿದ್ಳಾ?"

"ನೋಡಿದ್ಳು."

"ಗುರುತು ಹಿಡಿದ್ಳಾ?"

"ಗುಂಡು ಬಿದ್ದ ಜಾಗದಿಂದ ಮುಂದಿನದನ್ನ ಪೂರ್ತಿ ಅವಳೇ ಗುನುಗಿದ್ಳು."

ಇದು ನಿಜ. ನಿಜವಾದ್ದರಿಂದಲೇ ಅವಳು ಉಳಿದದ್ದನ್ನೂ ನಂಬಿದಳು. ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಕ್ಲೀಟಸ್ ಬಂದು ಅವಳ ಪಕ್ಕ ಒಂದು ಲೋಟ ನೀರಿಟ್ಟು ಹೋದ.

"ನನ್ನ ಮುಖ ನೋಡಿ ಏನಂದ್ಳು?"

"ಸಣ್ಣಗಾಗಿದಾಳೆ ಅಂದ್ಳು."

ವರ್ಡೆಲ್ ಅಳುತ್ತಲೇ ನಕ್ಕಳು. "ಮೂರು ವರ್ಷದ್ದಿದ್ದಾಗ ನೋಡಿದ್ದು, ನೆನಪಿಟ್ಕೊಂಡಿದೆ ನೋಡು ನನ್ನ ಬಂಗಾರ."

ಆಮೇಲೆ ಆರು ವರ್ಷ ಅವಳು ಸುಖವಾಗಿದ್ದಳು. ಮಗಳಿಂದ ಒಂದು ಕಾಗದವೂ ಬರಲಿಲ್ಲ, ಅದಕ್ಕೂ ಅವಳೇ ಕಾರಣ ಹುಡುಕಿಕೊಂಡಳು. ಮುದುಕಿ ಬರೆಯೋಕೆ ಬಿಡಲ್ಲ ಪಾಪ, ನಾನಿರೋದು ಮಗಳಿಗೆ ಗೊತ್ತಲ್ಲ, ಅಷ್ಟು ಸಾಕು ಎನ್ನುತ್ತಿದ್ದಳು. ಕಾಗದ ಕಳಿಸುವುದನ್ನೂ ನಿಲ್ಲಿಸಿದಳು. ಸುಡುವವರ ಕೈಗೆ ಯಾಕೆ ಕೊಡಲಿ, ದೊಡ್ಡವಳಾದ ಮೇಲೆ ತಾನೇ ಬರುತ್ತಾಳೆ ಎಂದಳು. ನನಗೆ ಭಾನುವಾರ ಭಾನುವಾರ ಊಟ ಹಾಕಿದಳು. ನಾನು ತಿಂದೆ.

ಐವತ್ತನಾಲ್ಕರ ಅಕ್ಟೋಬರ್, ಮಧ್ಯಾಹ್ನ ಮೂರು ಗಂಟೆ. ನಾವಿಬ್ಬರೂ ಹೊಸ ಹಾಡೊಂದನ್ನು ಕೂರಿಸುತ್ತಿದ್ದೆವು. ಬಾಗಿಲು ತಳ್ಳಿಕೊಂಡು ಒಬ್ಬ ಹುಡುಗಿ ಬಂದಳು, ಕೈಯಲ್ಲಿ ಹಗ್ಗ ಕಟ್ಟಿದ ಪೆಟ್ಟಿಗೆ. ವರ್ಡೆಲ್ ಮೈಕಿನ ಹತ್ತಿರದಿಂದಲೇ ಹೇಳಿದಳು, "ಇನ್ನೂ ತೆರೆದಿಲ್ಲ ಕಣಮ್ಮ, ಸಂಜೆ ಬಾ."

"ಕ್ಷಮಿಸಿ ಮೇಡಂ, ಒಂದೇ ನಿಮಿಷ," ಎಂದು ಹುಡುಗಿ ಅವಳ ಪಕ್ಕದಿಂದಲೇ ದಾಟಿ ಪಿಯಾನೊದ ಹತ್ತಿರ ಬಂದಳು. ಮೊದಲು ನನ್ನ ಎಡಗೈ ನೋಡಿದಳು. ಆಮೇಲೆ ಮುಖ.

"ನಾನು ಅರ್ಲೀನ್. ಮರೆತಿದೀರೇನೋ. ಅಜ್ಜಿ ಹೋದ ತಿಂಗಳು ತೀರ್ಕೊಂಡ್ರು. ನಂಗೆ ನನ್ನೋರು ಅಂತ ಇನ್ನು ನೀವೊಬ್ರೇ."

ವರ್ಡೆಲ್ ಮೈಕು ಬಿಟ್ಟು ನಿಧಾನವಾಗಿ ಬಂದಳು. ಆ ಮುಖವನ್ನು ನಾನು ಪರದೆಯ ಮೇಲೆ ಒಮ್ಮೆ ನೋಡಿದ್ದೆ, ಗುಂಡು ಹಾರಿದ ಮೇಲಿನ ಮುಖ. ಮಗಳನ್ನು ಮುಟ್ಟಲಿಕ್ಕೆ ಅವಳ ಕೈ ಎದ್ದಿತು, ಮುಟ್ಟಲಿಲ್ಲ.

"ಬೆಲ್‌ಫೋರ್ಡ್ ಟಾಕೀಸಲ್ಲಿ ಇವರ ಜೊತೆ ಸಿನಿಮಾ ನೋಡ್ದೆ ಅಲ್ವಾ ನೀನು?" ಎಂದಳು. ದನಿ ಎಂದಿನ ಹಾಗೇ ಇತ್ತು. "ಅದರಲ್ಲಿ ಹಾಡೋಳು ಹೇಗಿದ್ಳು?"

"ಹಾಡೋರು ಯಾರೂ ಇರ್ಲಿಲ್ಲ ಮೇಡಂ. ಬರೀ ಇವರ ಕೈ ಇತ್ತು. ನನ್ನನ್ನ ಮಲಗಿಸ್ತಿದ್ದ ರಾಗ ನುಡಿಸ್ತಿದ್ರು."

ವರ್ಡೆಲ್ ಪಿಯಾನೊದ ಮುಚ್ಚಳಕ್ಕೆ ಕೈ ಹಾಕಿದಳು. ಜೋರಾಗಿ ಹಾಕಲಿಲ್ಲ. ನನ್ನ ಬೆರಳುಗಳನ್ನು ತೆಗೆದುಕೊಳ್ಳುವಷ್ಟು ಹೊತ್ತು ಕೊಟ್ಟು, ಮೆಲ್ಲಗೆ ಮುಚ್ಚಿದಳು. ಆಮೇಲೆ ಮಗಳ ಕಡೆ ತಿರುಗಿ, ಗುಂಡು ಹಾರಿ ನಿಂತುಹೋದ ಜಾಗದಿಂದ ಮುಂದಕ್ಕೆ ಗುನುಗತೊಡಗಿದಳು. ದನಿ ಎರಡು ಕಡೆ ಒಡೆಯಿತು, ಆದರೂ ಬಿಡಲಿಲ್ಲ.

ಹುಡುಗಿ ಮಾತ್ರ, ಇದನ್ನು ಇವರಿಗೆ ನೀವು ಕಲಿಸಿದಿರಾ ಎಂದು ಕೇಳುವವಳ ಹಾಗೆ, ಇನ್ನೂ ನನ್ನ ಕಡೆಗೇ ನೋಡುತ್ತಿದ್ದಳು.